ದೋಣಿ ಯಾರದು, ಪಟ್ಟಿ ಯಾರದು?

(ಅಂಕೋಲೆಯಲ್ಲಿ ಸೇರಿದ್ದ ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಮಳೆಗಾಲಕ್ಕೆ ಮೊದಲು ಮಾಡಿನ ಹೆಂಚು ಸರಿಪಡಿಸಿ, ಸೌದೆಯನ್ನು ಒಳಗೆ ಹಾಕಿಕೊಳ್ಳುವುದು ನಮ್ಮ ಸೀಮೆಯ ರೂಢಿ. ಅದರ ಜತೆಗೆ ಇನ್ನೊಂದು ಕೆಲಸವನ್ನೂ ಮಾಡಿಕೊಳ್ಳಬೇಕಾಗಿದೆ. ಆಪತ್ತು ಬಂದ ದಿನ ಯಾರು ಹೋಗಬೇಕು, ಏನು ಒಯ್ಯಬೇಕು, ಯಾರ ಹೆಸರು ಬರೆದುಕೊಳ್ಳಬೇಕು ಎಂಬುದನ್ನು ಈಗಲೇ ಗೊತ್ತುಮಾಡಿಕೊಳ್ಳಬೇಕು. ಅದಕ್ಕಾಗಿಯೇ ನಿಮ್ಮನ್ನು ಕರೆದಿದ್ದೇವೆ.

2024ನೆಯ ಇಸವಿ ಜುಲೈ 16ರ ಬೆಳಿಗ್ಗೆ ಶಿರೂರಿನಲ್ಲಿ ಗುಡ್ಡ ಜರಿದದ್ದು ನಿಮಗೆ ತಿಳಿದ ಸಂಗತಿ. ಮೇಲೆ ಗುಡ್ಡ, ನಡುವೆ ಹೆದ್ದಾರಿ, ಕೆಳಗೆ ಗಂಗಾವಳಿ. ರಸ್ತೆಯ ಬದಿಯಲ್ಲಿ ಒಂದು ಚಹದ ಅಂಗಡಿ. ದೂರದ ಲಾರಿಗಳು ಅಲ್ಲಿ ನಿಂತು ಹೋಗುತ್ತಿದ್ದವು. ಅಂಗಡಿ, ಅದನ್ನು ನಡೆಸುತ್ತಿದ್ದ ಸಂಸಾರ, ಚಹ ಕುಡಿಯಲು ಇಳಿದ ಚಾಲಕರು, ಎಲ್ಲವನ್ನೂ ಮಣ್ಣು ಹೊತ್ತುಕೊಂಡು ನದಿಗೆ ಇಳಿಯಿತು. ಹನ್ನೊಂದು ಜೀವ ಹೋದವು. ಸತ್ತವರು ಯಾರು? ಒಬ್ಬ ಸಣ್ಣ ವ್ಯಾಪಾರಿಯ ಮನೆಯವರು, ದುಡಿದು ತಿನ್ನುವ ಚಾಲಕರು. ಎಂದರೆ ಈ ಸಭೆಯಲ್ಲಿ ಕುಳಿತಿರುವಂಥವರೇ. ರಸ್ತೆ ಅಗಲ ಮಾಡಲು ಗುಡ್ಡದ ಬುಡ ಕಡಿದವರ ಹೊಣೆ ಏನೆಂಬುದನ್ನು ಕೇಳಲೇಬೇಕು. ಪರಿಹಾರದ ಅಕ್ಕಿ ಹಂಚಿದ ಮಾತ್ರಕ್ಕೆ ಆ ಪ್ರಶ್ನೆ ಮುಗಿಯುವುದಿಲ್ಲ. ಆದರೆ ಇಂದು ನಾವು ನಮ್ಮ ಕೆಲಸದ ಮಾತನ್ನಷ್ಟೇ ಆಡುತ್ತೇವೆ.

ಗುಡ್ಡದ ಮಣ್ಣು ನದಿಗೆ ಬಿದ್ದಾಗ ಎದ್ದ ನೀರು ಆಚೆ ದಡದ ಉಳುವರೆಗೆ ನುಗ್ಗಿತು. ಅಲ್ಲಿ ಮನೆಗಳು ಕೊಚ್ಚಿಹೋದವು. ಒಬ್ಬ ತಾಯಿಯ ಜೀವ ಹೋಯಿತು. ಆದರೆ ನಾಡಿನ ಕಣ್ಣೆಲ್ಲ ಈಚೆ ದಡದ ಮೇಲಿತ್ತು. ಸೈನ್ಯ ಬಂತು, ನೌಕಾಪಡೆಯ ಮುಳುಗುಗಾರರು ಬಂದರು, ಮಲ್ಪೆಯಿಂದ ಸ್ವಂತ ಇಚ್ಛೆಯಿಂದ ಮುಳುಗುಗಾರರು ಬಂದರು, ಕೇರಳದಿಂದ ತಂಡಗಳು ಬಂದವು. ಕೊನೆಗೆ ಗೋವೆಯಿಂದ ಹೂಳೆತ್ತುವ ಹಡಗು ಬಂದು, ಸೆಪ್ಟೆಂಬರ್ 25ರಂದು, 71 ದಿನಗಳ ಮೇಲೆ, ಕೋಳಿಕ್ಕೋಡಿನ ಚಾಲಕನ ಲಾರಿ ನೀರಿನಿಂದ ಮೇಲೆ ಬಂತು. ಅದರೊಳಗೆ ಅವನ ದೇಹ. ಆ ಹುಡುಕಾಟವನ್ನು ನಾವು ಎಂದಿಗೂ ಹೆಚ್ಚಾಯಿತೆನ್ನುವುದಿಲ್ಲ. ಒಬ್ಬ ದುಡಿಮೆಗಾರನಿಗಾಗಿ ಎರಡು ರಾಜ್ಯಗಳು ನದಿಯನ್ನು ಸೋಸಿದವು, ಅದು ಆಗಬೇಕಾದದ್ದೇ. ಆದರೆ ಆಚೆ ದಡದಲ್ಲಿ ಪಾತ್ರೆ ಪಡಗ, ಕಾಗದಪತ್ರ, ಮನೆ ಕಳೆದುಕೊಂಡವರ ಹೆಸರು ಎಷ್ಟು ಜನರ ಬಾಯಲ್ಲಿ ಬಂತು? ಕ್ಯಾಮರಾ ಹೋಗದ ದಡಕ್ಕೆ ನಾವು ಹೋಗಬೇಕು. ಸ್ವಯಂಸೇವಕನ ಮೊದಲ ಕೆಲಸ ಅದು.

ಇನ್ನು ಕಾರವಾರದ ಮಾತು. ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿತ್ತು. ಒಂದು ಲಾರಿ ನೀರಿಗೆ ಹೋಯಿತು. ತಮಿಳುನಾಡಿನ ಚಾಲಕ ಜೀವಸಹಿತ ದಡ ಸೇರಿದ. ಅವನನ್ನು ಉಳಿಸಲು ಪೋಲೀಸರ ಜತೆಗೆ ಆ ಕತ್ತಲೆಯಲ್ಲಿ ದೋಣಿ ಇಳಿಸಿದವರು ಮೀನುಗಾರರು. ದೊಡ್ಡ ಯಂತ್ರ ಬರುವುದು ಮರುದಿನ. ಮೊದಲ ಗಳಿಗೆ ಯಾವಾಗಲೂ ನೆರೆಯವನದು, ದೋಣಿ ಇರುವವನದು.

ಆ ದೋಣಿಯ ಲೆಕ್ಕವನ್ನು ಯಾರಾದರೂ ಹಾಕಿದ್ದೇವೆಯೇ? ಜೂನ್ 1ರಿಂದ ಜುಲೈ ಕೊನೆಯ ವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಗುಡ್ಡ ಜರಿಯುವುದೂ, ನದಿ ಉಕ್ಕುವುದೂ ಹೆಚ್ಚಾಗಿ ಅದೇ ದಿನಗಳಲ್ಲಿ. ಕೈಯಲ್ಲಿ ಕಾಸಿಲ್ಲದವನು ಸಾಲದ ಡೀಸೆಲ್ ಸುರಿದು ಜನರನ್ನು ದಾಟಿಸುತ್ತಾನೆ. ಅಕ್ಕಿ ಗಿರಣಿಯ ಹಮಾಲ ಒಂದು ದಿನ ಮಣ್ಣು ಎತ್ತಲು ಹೋದರೆ ಅಂದಿನ ಕೂಲಿ ಹೋಯಿತು. ಸೇವೆ ಸೇವೆ ಎಂದು ಹೊಗಳಿ ಅವನ ಮನೆಯ ಒಲೆ ಆರಿಸುವುದು ಯಾವ ನ್ಯಾಯ? ಆದ್ದರಿಂದ ನಮ್ಮ ನಿಧಿಯಲ್ಲಿ ಮೊದಲ ಕಲಮು ಅಕ್ಕಿಯಲ್ಲ. ದೋಣಿಯ ಎಣ್ಣೆ ಮತ್ತು ಹೋದವನ ದಿನಗೂಲಿ.

ಉತ್ಸಾಹವೊಂದೇ ಸಾಲದು ಎಂಬುದನ್ನು ಬಂಡೀಪುರದ ಕಾಡುಬೆಂಕಿಯಿಂದಲೂ ಕಲಿಯಬಹುದು. 2019ರ ಫೆಬ್ರುವರಿಯಲ್ಲಿ ಅಲ್ಲಿ ಐದು ದಿನ ಉರಿದು ಹತ್ತು ಸಾವಿರ ಎಕರೆಗೂ ಮಿಕ್ಕಿ ಕಾಡು ಸುಟ್ಟಿತು. ವಾಯುಪಡೆಯ ಹೆಲಿಕಾಪ್ಟರು ನೀರು ಸುರಿಯಬೇಕಾಯಿತು. ಊರೂರುಗಳಿಂದ ಸ್ವಯಂಸೇವಕರು ಬಂದರು. ಆದರೆ ಹಸಿ ಸೊಪ್ಪಿನಿಂದ ಬೆಂಕಿ ಬಡಿಯುವಾಗ ಗಾಳಿ ಎತ್ತ ತಿರುಗುತ್ತದೆ, ಯಾವ ಹಳ್ಳದಲ್ಲಿ ಸಿಕ್ಕಿಬಿದ್ದರೆ ಹಿಂದಿರುಗಲು ದಾರಿಯಿಲ್ಲ ಎಂಬುದು ಬೆಂಕಿ ಕಾವಲಿನ ಗಿರಿಜನ ದಿನಗೂಲಿಗೆ ಗೊತ್ತು, ಪೇಟೆಯಿಂದ ಹೋದವನಿಗೆ ಗೊತ್ತಿಲ್ಲ. ನಮ್ಮ ಹೊಳೆಗೂ ಇದೇ ಮಾತು. ದೋಣಿಯವನು ಹೇಳಿದಂತೆ ನಾವು ಕೇಳಬೇಕು. ಮುಂದಾಳುತನದ ಹುರುಪಿನಲ್ಲಿ ಅವನಿಗೆ ನಾವು ಹೇಳಲು ಹೋಗಬಾರದು.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳುತ್ತೇವೆ. ಹಿಂದೊಂದು ನೆರೆಯಲ್ಲಿ ನಾವು ಗೋಣಿಗಟ್ಟಲೆ ಬಟ್ಟೆ ಕೂಡಿಸಿ ಒಯ್ದೆವು. ಹರಿದ ಪ್ಯಾಂಟು, ಗುಂಡಿಯಿಲ್ಲದ ಅಂಗಿ. ಶಾಲೆಯ ಜಗಲಿಯಲ್ಲಿ ಅವು ರಾಶಿ ಬಿದ್ದು ನೆನೆದು ವಾಸನೆ ಹೊಡೆದವು. ಅಲ್ಲಿದ್ದ ಹೆಂಗಸೊಬ್ಬಳು, "ಮಾಸ್ತರ್ರೆ, ಅನ್ನ ಮಾಡೂಕೆ ಒಂದು ಪಾತ್ರೆ ತಂದ್ರಾ?" ಎಂದು ಕೇಳಿದಳು. ತಂದಿರಲಿಲ್ಲ. ಇಪ್ಪತ್ತು ವರ್ಷದ ಹಳೆಯ ಅಂಗಿಯನ್ನು ಕೊಟ್ಟು ದಾನಿಯೆನಿಸಿಕೊಳ್ಳುವ ಚಪಲ ನಮ್ಮಲ್ಲಿ ಎಷ್ಟೋ ಜನಕ್ಕಿದೆ.

ಈಗ ಮುಖ್ಯ ವಿಷಯ, ಪಟ್ಟಿ. 2022ರಿಂದ 2026ರ ವರೆಗಿನ ವಿಪತ್ತು ನಿಧಿಯ ನಿಯಮದಂತೆ ಮನೆ ಪೂರ್ತಿ ಹೋದರೆ ಬಯಲುಸೀಮೆಯಲ್ಲಿ 1,20,000 ರೂಪಾಯಿ, ಗುಡ್ಡಗಾಡಿನಲ್ಲಿ 1,30,000. ಬಟ್ಟೆಗೆ 2,500, ಪಾತ್ರೆಗೆ 2,500. ಆದರೆ ಮನೆ ಅಧಿಕೃತ ಕಟ್ಟಡವಾಗಿರಬೇಕೆಂಬ ನಿಬಂಧನೆ ಅದರಲ್ಲಿದೆ. ಅತಿಕ್ರಮಣದ ಜಾಗದಲ್ಲಿ ತಲೆಮಾರುಗಳಿಂದ ಇದ್ದವನ ಗತಿ ನಮ್ಮ ಜಿಲ್ಲೆಯಲ್ಲಿ ಯಾರಿಗೆ ಗೊತ್ತಿಲ್ಲ? ಅಂಗಡಿಯ ಸರಕು ನೀರುಪಾಲಾದರೆ ಅದಕ್ಕೆ ಕಲಮೇ ಇಲ್ಲ. ಸಾಲ ತಂದು ಜೋಡಿಸಿದ ಸಕ್ಕರೆ ಕರಗಿಹೋಗುತ್ತದೆ, ಸಾಲ ಮಾತ್ರ ಕರಗುವುದಿಲ್ಲ. ದೇಹ ಸಿಗದೆ ಹೋದವನ ಮನೆಯವರ ಕಷ್ಟ ಇನ್ನೂ ದೊಡ್ಡದು. ಕಾಣೆಯಾದವನನ್ನು ಸತ್ತವನೆಂದು ಭಾವಿಸಲು ಕಾನೂನು ಸಾಮಾನ್ಯವಾಗಿ 7 ವರ್ಷ ಕೇಳುತ್ತದೆ. ವಯನಾಡಿನ 2024ರ ಭೂಕುಸಿತದಲ್ಲಿ ಕಾಣೆಯಾದವರ ವಿಷಯದಲ್ಲಿ ಕೇರಳ ಸರಕಾರ ಅಷ್ಟು ಕಾಯಲಿಲ್ಲ. 2025ರ ಜನವರಿಯಲ್ಲೇ 32 ಜನರನ್ನು ಮೃತರೆಂದು ಪರಿಗಣಿಸಲು ತೀರ್ಮಾನಿಸಿತು. ಅಂದರೆ ಮನಸ್ಸಿದ್ದರೆ ಸರಕಾರಕ್ಕೆ ದಾರಿಯಿದೆ. ಕೇಳುವವರು ಇರಬೇಕು, ಕೇಳುವವರ ಕೈಯಲ್ಲಿ ಬರೆದ ದಾಖಲೆ ಇರಬೇಕು.

ಆದ್ದರಿಂದ ಪಂಚನಾಮೆಗೆ ಅಧಿಕಾರಿ ಬರುವ ಮೊದಲೇ ನಮ್ಮವರು ಮನೆಮನೆಗೆ ಹೋಗಿ ಬರೆಯಬೇಕು: ಎಷ್ಟು ಜನ, ಗೋಡೆ ಬಿದ್ದಿತೋ ಮಾಡು ಹಾರಿತೋ, ದನ ಎಷ್ಟು, ಬಾಡಿಗೆಯವರು ಯಾರು, ಯಾವ ಕಾಗದ ಹೋಯಿತು. ಫೋಟೋ ತೆಗೆದುಕೊಳ್ಳಬೇಕು. ಒಂದು ಪ್ರತಿ ತಹಸೀಲ್ದಾರರಿಗೆ, ಒಂದು ಪಂಚಾಯತಿಗೆ, ಒಂದು ನಮ್ಮಲ್ಲಿ. ಬಂದ ಹಣ ಹೋದ ಹಣದ ಲೆಕ್ಕವನ್ನು ಪ್ರತಿ ವಾರ ಚಾವಡಿಯ ಗೋಡೆಗೆ ಅಂಟಿಸಬೇಕು. ನಮ್ಮ ಲೆಕ್ಕ ಸರಿಯಿಲ್ಲದಿದ್ದರೆ ಸರಕಾರದ ಲೆಕ್ಕ ಕೇಳುವ ಬಾಯಿ ನಮಗಿಲ್ಲ.

ಮೇಜಿನ ಮೇಲೆ ಎರಡು ಪುಸ್ತಕ ಇಟ್ಟಿದ್ದೇವೆ. ಒಂದರಲ್ಲಿ ದೋಣಿ, ಗಾಡಿ, ಹಾರೆ, ಹಗ್ಗ, ದೊಡ್ಡ ಪಾತ್ರೆ ಇರುವವರು ಹೆಸರು ಬರೆಸಿ. ವ್ಯಾಪಾರಿ ಬಂಧುಗಳು ಎಷ್ಟು ದಿನದ ಉದ್ದರಿಗೆ ಅಕ್ಕಿ, ಎಣ್ಣೆ ಕೊಡಬಲ್ಲಿರೆಂದು ಖಚಿತವಾಗಿ ಬರೆಯಿರಿ. ತೀರಿಸುವ ಹೊಣೆ ನಿಧಿಯದು. ಗಿರಣಿಯವರು ತಿಂಗಳಿಗೆ ಅರ್ಧ ದಿನದ ಕೂಲಿ ಕೊಡುವ ವಿಚಾರವನ್ನು ನಿಮ್ಮೊಳಗೇ ಮಾತಾಡಿಕೊಂಡು ತಿಳಿಸಿ. ಇನ್ನೊಂದು ಪುಸ್ತಕ ಪಟ್ಟಿ ಬರೆಯುವವರದು. ನಾಲ್ಕನೆಯ ಇಯತ್ತೆ ಓದಿದ್ದರೂ ಸಾಕು, ಅಕ್ಷರ ದುಂಡಾಗಿರಬೇಕೆಂದಿಲ್ಲ. ಉಳುವರೆಯಿಂದ ಇಬ್ಬರು ಬಂದಿದ್ದಾರೆ, ಅವರ ಹೆಸರು ಮೊದಲು ಬರೆಯೋಣ.