ಅಗ್ಗದ ಗಾಡಿ, ಅಗ್ಗವಲ್ಲದ ಬ್ರೇಕು: ಮಕ್ಕಳ ಜತೆ ರೇಸ್ ನೋಡೋಕೆ ಹೊರಡುವ ಮುಂಚೆ

(ನಮ್ಮ ಚಾನೆಲ್‌ನಲ್ಲಿ ಬಂದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇವೆ.)

ನಾನು ಹುಬ್ಬಳ್ಳಿಯವನು. ಎಂಟೆಕ್ ಮುಗಿಸಿ ಈ ಕಡೆ ಬಂದು ಹನ್ನೊಂದು ವರ್ಷ ಆಯ್ತು. ಮನೆ ಡೊಂಬಿವಲಿ, ಕೆಲಸ ಐರೋಲಿ. ಅಂದ್ರೆ ಬೆಳಿಗ್ಗೆ ಠಾಣೆವರೆಗೆ ಒಂದು ಲೋಕಲ್, ಅಲ್ಲಿಂದ ಟ್ರಾನ್ಸ್ ಹಾರ್ಬರ್ ಇನ್ನೊಂದು ಲೋಕಲ್. ನಿಮ್ಮಲ್ಲಿ ಅರ್ಧ ಜನರ ದಿನಚರಿ ಇದೇ ಅಂತ ಗೊತ್ತು, ಅದಕ್ಕೆ ಜಾಸ್ತಿ ವಿವರಿಸಲ್ಲ.

ಇವತ್ತಿನ ವಿಷಯ ಸಣ್ಣದು. ಹವ್ಯಾಸಿಗಳು ಕಡಿಮೆ ಖರ್ಚಲ್ಲಿ ನಡೆಸುವ ರೇಸ್‌ಗಳಿಗೆ ಮಕ್ಕಳನ್ನ ಕರ್ಕೊಂಡು ಹೋಗಬಹುದಾ? ಆಫೀಸಿನಲ್ಲಿ ಒಬ್ಬರು ಕೇಳಿದ್ರು: "ಏನ್ರೀ, ಮಾಲ್‌ಗೆ ಹೋಗೋದು ಬಿಟ್ಟು ಧೂಳು ತಿನ್ನೋಕೆ ಕರ್ಕೊಂಡು ಹೋಗ್ತೀರಾ?" ನನ್ನ ಉತ್ತರ, ಹೌದು, ಕರ್ಕೊಂಡು ಹೋಗಿ. ಆದ್ರೆ ನಾನು ಮೊದಲ ಸಲ ಹೋದ ಹಾಗೆ ಹೋಗಬೇಡಿ. ಆ ಕತೆಯನ್ನೇ ಮೊದಲು ಹೇಳ್ತೀನಿ.

2022ರ ಡಿಸೆಂಬರ್. ಕಲ್ಯಾಣದಿಂದ ಮುರಬಾಡ್ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಒಂದು ಬಯಲಲ್ಲಿ ಸಣ್ಣ ಆಟೋಕ್ರಾಸ್ ಇತ್ತು. ಗೊತ್ತಿಲ್ಲದವರಿಗೆ ಹೇಳ್ತೀನಿ: ಆಟೋಕ್ರಾಸ್ ಅಂದ್ರೆ ಕಾರುಗಳು ಅಕ್ಕಪಕ್ಕ ಓಡೋದಲ್ಲ. ಮಣ್ಣಿನ ಬಯಲಲ್ಲಿ ಕೋನ್ ಇಟ್ಟು ದಾರಿ ಮಾಡಿರ್ತಾರೆ. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಕಾರು, ಗಡಿಯಾರದ ಜತೆ ಪೈಪೋಟಿ. ಕೋನ್ ಬೀಳಿಸಿದ್ರೆ ನಿಮ್ಮ ಸಮಯಕ್ಕೆ ಕೆಲವು ಸೆಕೆಂಡ್ ದಂಡ ಸೇರುತ್ತೆ. ಬರೋ ಗಾಡಿಗಳೂ ನಮ್ಮ ನಿಮ್ಮ ಮನೆಯವೇ: ಹಳೇ ಮಾರುತಿ 800, ಎಸ್ಟೀಮ್, ಜಿಪ್ಸಿ.

ಮಗನಿಗೆ ಆಗ ಆರು ವರ್ಷ. ಹೆಂಡತಿಗೆ "ಒಂದು ಗಂಟೆ ನೋಡ್ಕೊಂಡು ಬರೋಣ" ಅಂದಿದ್ದೆ. ತಯಾರಿ ಏನು ಅಂದ್ರೆ ಒಂದು ಬಾಟಲಿ ನೀರು, ಒಂದು ಪ್ಯಾಕೆಟ್ ಬಿಸ್ಕತ್ತು. ಅಷ್ಟೇ.

ಮೊದಲನೇ ಕಾರು ಹೊರಟಾಗಲೇ ಅವನು ಎರಡೂ ಕಿವಿ ಮುಚ್ಕೊಂಡ. ನಾನು ನಕ್ಕೆ. ಮೂರನೇ ಕಾರಿನ ಹೊತ್ತಿಗೆ ನನ್ನ ಕೈಗೆ ಫೋನ್ ಬಂದಿತ್ತು, ವಿಡಿಯೊ ಮಾಡ್ತಾ ಇದ್ದೆ. ಫೋನ್ ಹಿಡಿಯೋಕೆ ಮಗನ ಕೈ ಬಿಟ್ಟಿದ್ದೆ. ಪಕ್ಕದಲ್ಲೇ ಗಾಡಿ ರಿಪೇರಿ ಮಾಡೋ ಜಾಗ. ಯಾರೋ ಬಾನೆಟ್ ಎತ್ತಿ ನಿಲ್ಲಿಸಿದ್ರು. ಇವನು ಅದನ್ನ ನೋಡೋಕೆ ಪ್ಲಾಸ್ಟಿಕ್ ಪಟ್ಟಿಯ ಕೆಳಗೆ ನುಸುಳಿ ಹೋಗಿಬಿಟ್ಟ. ಅದೇ ಹೊತ್ತಿಗೆ ಇನ್ನೊಂದು ಕಾರು ರಿವರ್ಸ್ ಬರ್ತಾ ಇತ್ತು. ಆರು ವರ್ಷದ ಹುಡುಗನ ಎತ್ತರ ಹಿಂದಿನ ಗಾಜಿನಲ್ಲಿ ಕಾಣಲ್ಲ. ಒಬ್ಬ ಮಾರ್ಷಲ್ ಓಡಿ ಬಂದು ಅಂಗಿ ಹಿಡಿದು ಎಳ್ಕೊಂಡ. ಗಾಯ ಏನೂ ಆಗಲಿಲ್ಲ.

ನನ್ನ ಫೋನಿನಲ್ಲಿ ಇವತ್ತಿಗೂ ಆ ವಿಡಿಯೊ ಇದೆ. ಹದಿನೇಳು ಸೆಕೆಂಡ್. ಅದರಲ್ಲಿ ಕಾರು ಚೆನ್ನಾಗಿ ಬಂದಿದೆ, ಮಗ ಎಲ್ಲೂ ಇಲ್ಲ. ತಪ್ಪು ಪೂರ್ತಿ ನನ್ನದೇ. ವಾಪಸ್ ಬರುವಾಗ ಕಲ್ಯಾಣದಿಂದ ಡೊಂಬಿವಲಿವರೆಗೆ ಹೆಂಡತಿ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದ ಮೇಲೆ ಒಂದೇ ಮಾತು: "ಇನ್ನು ಅವನನ್ನ ಅಂಥಾ ಕಡೆ ಕರ್ಕೊಂಡು ಹೋಗೂದು ಬ್ಯಾಡ."

ಒಂದು ವರ್ಷಕ್ಕಿಂತ ಜಾಸ್ತಿ ನಾವು ಎಲ್ಲೂ ಹೋಗಲಿಲ್ಲ. ಆ ಸಮಯದಲ್ಲಿ ನಾನು ಓದಿದ್ದು, ಯೋಚಿಸಿದ್ದು ಈಗ ಹೇಳ್ತೀನಿ.

ಮೊದಲನೆಯದು ಶಬ್ದ. ಅಮೆರಿಕದ ಎನ್‌ಐಒಎಸ್‌ಎಚ್ ಅನ್ನೋ ಸಂಸ್ಥೆ ಕೆಲಸಗಾರರಿಗೆ ಒಂದು ಲೆಕ್ಕ ಕೊಟ್ಟಿದೆ. 85 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದ್ರೆ ಸಮಯ ಅರ್ಧ ಆಗುತ್ತೆ: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 100ಕ್ಕೆ ಬರೀ 15 ನಿಮಿಷ. ಇದು ದೊಡ್ಡವರ ಕಿವಿಗೆ ಮಾಡಿದ ಲೆಕ್ಕ. ಸೈಲೆನ್ಸರ್ ಬದಲಾಯಿಸಿದ ರೇಸ್ ಕಾರಿನ ಹತ್ತಿರ 100 ದಾಟೋದು ದೊಡ್ಡ ವಿಷಯವೇ ಅಲ್ಲ. ಅಂದ್ರೆ ಅವತ್ತು ಕಿವಿ ಮುಚ್ಕೊಂಡ ನನ್ನ ಮಗ ಸರಿಯಾಗೇ ಮಾಡಿದ್ದ, ನಕ್ಕ ನಾನು ದಡ್ಡ. ಸ್ಪಂಜಿನ ಪ್ಲಗ್ ಸಣ್ಣ ಮಕ್ಕಳ ಕಿವಿಯಲ್ಲಿ ಸರಿಯಾಗಿ ಕೂರಲ್ಲ. ತಲೆ ಮೇಲಿಂದ ಹಾಕೋ ಇಯರ್‌ಮಫ್ ತಗೊಳ್ಳಿ, ಮಕ್ಕಳ ಅಳತೆಯದ್ದು. ಮನೇಲಿ ಎರಡು ದಿನ ಹಾಕಿಸಿ ರೂಢಿ ಮಾಡ್ಸಿ. ಅಲ್ಲೇ ಹೋಗಿ ಮೊದಲ ಸಲ ಹಾಕಿದ್ರೆ ಕಿತ್ತು ಬಿಸಾಡ್ತಾರೆ.

ಎರಡನೆಯದು ಎಲ್ಲಿ ನಿಲ್ಲಬೇಕು ಅನ್ನೋದು. ಪಿಯುಸಿ ಫಿಸಿಕ್ಸ್ ನೆನಪು ಮಾಡ್ಕೊಳ್ಳಿ. ವೇಗ ಎರಡರಷ್ಟಾದ್ರೆ ಚಲನಶಕ್ತಿ ನಾಲ್ಕರಷ್ಟು. ಗಂಟೆಗೆ 30 ಕಿಲೋಮೀಟರಿನಲ್ಲಿ ಬರೋ ಕಾರು ಬ್ರೇಕ್ ಹಾಕಿ ಎಷ್ಟು ದೂರದಲ್ಲಿ ನಿಲ್ಲುತ್ತೋ, 60ರಲ್ಲಿ ಸುಮಾರು ಅದರ ನಾಲ್ಕರಷ್ಟು ದೂರ ಬೇಕು. ಮಣ್ಣಿನ ಮೇಲೆ ಹಿಡಿತ ಕಮ್ಮಿ, ಇನ್ನೂ ಜಾಸ್ತಿ ಬೇಕು. ತಿರುವಿನಲ್ಲಿ ಹಿಡಿತ ತಪ್ಪಿದ ಕಾರು ಹೆಚ್ಚಾಗಿ ಹೊರಬದಿಗೇ ಜಾರುತ್ತೆ. ಆದ್ರೆ ಫೋಟೊ ಚೆನ್ನಾಗಿ ಬರುತ್ತೆ ಅಂತ ಎಲ್ಲರೂ ಹೋಗಿ ನಿಲ್ಲೋದು ಅಲ್ಲೇ! ಮಕ್ಕಳ ಜತೆ ಇದ್ದಾಗ ಎತ್ತರದ ಜಾಗ ನೋಡಿ, ದಾರಿಯಿಂದ ದೂರ ಇರಲಿ, ನಿಮ್ಮ ಬೆನ್ನ ಹಿಂದೆ ಸರಿಯೋಕೆ ಜಾಗ ಇರಲಿ.

ಇನ್ನೊಂದು ಮಾತು. ಪ್ಲಾಸ್ಟಿಕ್ ಪಟ್ಟಿ ತಡೆಗೋಡೆ ಅಲ್ಲ, ಅದು ಬರೀ ಗುರುತು. ಕಾರನ್ನೂ ತಡೆಯಲ್ಲ, ಮಕ್ಕಳನ್ನೂ ತಡೆಯಲ್ಲ. ಟೈರಿನ ಗೋಡೆ, ಕಬ್ಬಿಣದ ಬೇಲಿ ಇದ್ರೆ ಅದು ಬೇರೆ. ಹೋದ ಕೂಡಲೇ ನೋಡಿ. ಬರೀ ಪಟ್ಟಿ ಮಾತ್ರ ಇದ್ರೆ ಇನ್ನೂ ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸಿದ್ದು: "ಬಜೆಟ್" ಅನ್ನೋ ಪದ. ನಮ್ಮ ದೇಶದಲ್ಲಿ ಅಗ್ಗದ ರೇಸಿಂಗ್‌ಗೆ ಒಳ್ಳೇ ಇತಿಹಾಸ ಇದೆ. ಕೊಯಮತ್ತೂರಿನ ಎಸ್. ಕರಿವರ್ಧನ್ ಅವರು 1980ರ ದಶಕದ ಕೊನೆಗೆ ಮಾರುತಿ 800ರ ಎಂಜಿನ್ ಇಟ್ಟು ಒಂಟಿ ಸೀಟಿನ ರೇಸ್ ಕಾರು ಮಾಡಿದ್ರು, ಫಾರ್ಮುಲಾ ಮಾರುತಿ. ಮುಂದೆ ಫಾರ್ಮುಲಾ ಒನ್‌ವರೆಗೆ ಹೋದ ನಾರಾಯಣ್ ಕಾರ್ತಿಕೇಯನ್ ಶುರು ಮಾಡಿದ್ದು ಅದೇ ಗಾಡಿಯಲ್ಲಿ. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಇರೋದು ಕರಿವರ್ಧನ್ ಹೆಸರಲ್ಲೇ.

ಅಮೆರಿಕದಲ್ಲಿ 2006ರಿಂದ "24 ಅವರ್ಸ್ ಆಫ್ ಲೆಮನ್ಸ್" ಅಂತ ಒಂದು ತಮಾಷೆಯ ರೇಸ್ ನಡೀತಾ ಇದೆ. ಲೆಮನ್ ಅಂದ್ರೆ ಅಲ್ಲಿ ಪದೇ ಪದೇ ಕೆಟ್ಟು ನಿಲ್ಲೋ ಡಬ್ಬಾ ಕಾರು. ಅದರ ಹೆಸರಾಂತ ನಿಯಮ, ಕಾರಿನ ಬೆಲೆ 500 ಡಾಲರ್ ದಾಟಬಾರದು. ಆದ್ರೆ ಚಾಲಕನನ್ನ ಕಾಪಾಡೋ ಕಬ್ಬಿಣದ ಪಂಜರ, ಸೀಟು, ಬೆಲ್ಟು, ಬ್ರೇಕು, ಇವೆಲ್ಲ ಆ 500ರ ಲೆಕ್ಕದಲ್ಲಿ ಬರಲ್ಲ. ಅದಕ್ಕೆ ಎಷ್ಟು ಬೇಕಾದ್ರೂ ಖರ್ಚು ಮಾಡಿ ಅಂತಾರೆ. ಗಾಡಿ ಅಗ್ಗ ಇರಲಿ, ಜೀವ ಕಾಪಾಡೋ ಸಾಮಾನಿಗೆ ಬಜೆಟ್ ಹಾಕಬೇಡಿ ಅನ್ನೋದು ಅದರ ಅರ್ಥ.

ಇದನ್ನ ಓದಿದಾಗ ನನಗೆ ನಮ್ಮ ಕಲ್ಯಾಣದ ದಿನ ನೆನಪಾಯ್ತು. ಅಲ್ಲಿ ಕಾರು ಓಡಿಸೋರು ಹೆಲ್ಮೆಟ್ ಹಾಕಿದ್ರು, ಬೆಲ್ಟ್ ಕಟ್ಟಿದ್ರು. ಅವರ ಗಾಡಿ ಅಗ್ಗದ್ದು, ತಯಾರಿ ಅಗ್ಗದ್ದಲ್ಲ. ಎಲ್ಲದರಲ್ಲೂ ಅಗ್ಗ ಮಾಡಿದವನು ನಾನೊಬ್ಬನೇ.

ಆಮೇಲೆ 2024ರ ಮಾರ್ಚ್ 3. ಮುಲುಂಡ್‌ನ ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಆವರಣದಲ್ಲಿ ರೆಡ್ ಬುಲ್ ಸೋಪ್‌ಬಾಕ್ಸ್ ರೇಸ್ ಇತ್ತು. ಅದರಲ್ಲಿ ಗಾಡಿಗೆ ಎಂಜಿನ್ನೇ ಇರಲ್ಲ. ಜನ ತಾವೇ ಮಾಡಿದ ಚಿತ್ರವಿಚಿತ್ರ ಗಾಡಿಗಳನ್ನ ಇಳಿಜಾರಿನಲ್ಲಿ ಬಿಡ್ತಾರೆ, ಓಡಿಸೋದು ಗುರುತ್ವಾಕರ್ಷಣೆ. ವೇಗದ ಜತೆಗೆ ಕಲ್ಪನೆಗೆ, ಗಾಡಿ ಬಿಡೋ ಮುಂಚೆ ಮಾಡೋ ಕುಣಿತ–ನಾಟಕಕ್ಕೂ ಅಂಕ. ಎಂಜಿನ್ ಇಲ್ಲ ಅಂದ ಮೇಲೆ ಆ ಶಬ್ದವೂ ಇಲ್ಲ. ನಾನು ಮೆಲ್ಲಗೆ ಮನೇಲಿ ವಿಷಯ ಎತ್ತಿದೆ.

ಹೆಂಡತಿ ಒಂದು ಹಾಳೆ ತಗೊಂಡು ಷರತ್ತು ಬರೆದಳು. ಒಂದು, ಇಬ್ಬರಲ್ಲಿ ಒಬ್ಬರ ಫೋನ್ ಬ್ಯಾಗಿನಲ್ಲೇ ಇರಬೇಕು, ಅವರ ಕೈಯಲ್ಲಿ ಮಗನ ಕೈ. ಎರಡು, ಅವನ ಮುಂಗೈ ಮೇಲೆ ಪೆನ್ನಲ್ಲಿ ನಮ್ಮ ನಂಬರ್. ಮೂರು, ಒಳಗೆ ಹೋದ ಕೂಡಲೇ "ತಪ್ಪಿಸ್ಕೊಂಡ್ರೆ ಇಲ್ಲಿ ನಿಲ್ಲು" ಅಂತ ಒಂದು ಜಾಗ ತೋರಿಸಬೇಕು. ನಾಲ್ಕು, ಅವನು "ಮನೆಗೆ ಹೋಗೋಣ" ಅಂದ್ರೆ ಹೊರಡಬೇಕು, "ಇನ್ನೊಂದೇ ಗಾಡಿ" ಅನ್ನೋ ಹಾಗಿಲ್ಲ. ಆ ಹಾಳೆ ಈಗಲೂ ಫ್ರಿಜ್ ಮೇಲಿದೆ. ನಾನು ಐದನೆಯದು ಸೇರಿಸಿದೆ: ಭಾನುವಾರ ಅಂದ್ರೆ ಮೆಗಾ ಬ್ಲಾಕ್ ನೋಡ್ಕೊಂಡೇ ಹೊರಡೋದು. ಬಿಸಿಲಲ್ಲಿ ದಣಿದ ಮಗುವನ್ನ ತುಂಬಿದ ಲೋಕಲ್‌ನಲ್ಲಿ ನಿಲ್ಲಿಸ್ಕೊಂಡು ಬರೋದು ಇಡೀ ದಿನದ ಖುಷಿಯನ್ನ ತಿಂದುಹಾಕುತ್ತೆ.

ಅವತ್ತು ಮಗ ನಕ್ಕಷ್ಟು ನಾನು ಎಂದೂ ನೋಡಿರಲಿಲ್ಲ. ಆದ್ರೆ ರೈಲಿನಲ್ಲಿ ಅವನು ಕೇಳಿದ್ದು ಬೇರೆ: "ಅಪ್ಪಾ, ಗಾಡಿ ಮುರಿದ್ರೂ ಅವರು ಯಾಕೆ ಅಳಲಿಲ್ಲ?" ಕೈಬರಹ ಕೆಟ್ಟದಾಯ್ತು ಅಂತ ಹಾಳೆ ಹರಿದು ಹಾಕಿ ಅಳೋ ಹುಡುಗ ಇವನು. ನಾನು ಭಾಷಣ ಮಾಡಲಿಲ್ಲ. "ಅವರೇ ಮಾಡಿದ್ದಲ್ವಾ, ಮತ್ತೆ ಮಾಡೋಕೆ ಗೊತ್ತು, ಅದಕ್ಕೆ" ಅಂದೆ. "ನಿಂಗೆ ಮಾಡೋಕೆ ಬರುತ್ತಾ?" ಅಂದ. ನನಗೆ ಬರಲ್ಲ. ಆದ್ರೆ ಬರೋರು ಒಬ್ಬರು ಗೊತ್ತಿತ್ತು.

ನಮ್ಮಪ್ಪ ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಆಗಿದ್ದವರು. ನಮ್ಮೂರ ಕಡೆ ಬೆಳೆದವರಿಗೆ ಬೇರಿಂಗ್ ಗಾಡಿ ನೆನಪಿರುತ್ತೆ. ಒಂದು ಹಲಗೆ, ಗ್ಯಾರೇಜಿನವರು ಎಸೆದ ನಾಲ್ಕು ಹಳೇ ಬೇರಿಂಗು, ಮುಂದಿನ ಅಡ್ಡಪಟ್ಟಿಗೆ ನಡುವೆ ಒಂದೇ ಬೋಲ್ಟು, ತಿರುಗಿಸೋಕೆ ಹಗ್ಗ. ಸೋಪ್‌ಬಾಕ್ಸ್ ಅಂದ್ರೆ ಅದೇ. ಮೇ ರಜೆಗೆ ಹುಬ್ಬಳ್ಳಿಗೆ ಹೋದಾಗ ಅಜ್ಜ–ಮೊಮ್ಮಗ ಕೂತ್ರು. ಮಗ ಗಾಡಿಯ ಚಿತ್ರ ಬರೆದು ತೋರಿಸಿದ: ರೆಕ್ಕೆ ಇದೆ, ಬಣ್ಣ ಇದೆ, ಹೆಸರೂ ಇದೆ. ಅಪ್ಪ ಕನ್ನಡಕ ಏರಿಸಿ ನೋಡಿ ಕೇಳಿದ್ದು ಒಂದೇ: "ಎಲ್ಲಾ ಚೊಲೋ ಐತಿ. ಬ್ರೇಕ್ ಎಲ್ಲೈತೋ ತಮ್ಮಾ?"

ಮಗ ನನ್ನ ಮುಖ ನೋಡಿದ. ಅಪ್ಪ ಅಂದ್ರು: "ಮೊದ್ಲ ನಿಲ್ಸೂದು ಕಲೀಬೇಕು. ಓಡೂದು ಅದಾ ಓಡ್ತೈತಿ."

ಹಳೇ ಟೈರಿನ ತುಂಡನ್ನ ಒಂದು ಕಟ್ಟಿಗೆಗೆ ಮೊಳೆ ಹೊಡೆದು, ಎಳೆದ್ರೆ ನೆಲಕ್ಕೆ ಉಜ್ಜೋ ಹಾಗೆ ಬ್ರೇಕ್ ಮಾಡಿದ್ರು. ಆಮೇಲೇನೇ ಬೇರಿಂಗ್ ಹಾಕಿದ್ದು. ಗಾಡಿಗೆ ಆದ ಖರ್ಚು 280 ರೂಪಾಯಿ. ಹೆಲ್ಮೆಟ್, ಮೊಣಕಾಲು–ಮೊಣಕೈ ಕವಚಕ್ಕೆ 1,450. ಲೆಮನ್ಸ್ ನಿಯಮ ಅಪ್ಪನಿಗೆ ಯಾರೂ ಹೇಳಿರಲಿಲ್ಲ.

ಕೊನೆಗೆ ಒಂದು. ರೇಸ್ ನೋಡಿ ಬಂದ ಮಕ್ಕಳಿಗೆ ವೇಗದ ಹುಚ್ಚು ಹಿಡಿಯುತ್ತೆ ಅಂತ ಕೆಲವರಿಗೆ ಭಯ. ಪಾಮ್ ಬೀಚ್ ರಸ್ತೆಯಲ್ಲಿ ರಾತ್ರಿ ಬೈಕ್ ಓಡಿಸೋ ಹುಡುಗರ ಸುದ್ದಿ ನಾವೆಲ್ಲ ಓದಿದ್ದೀವಿ, ಭಯ ಸಹಜ. ಹಾಗಾಗಿ ಗೇಟಿನಲ್ಲಿ ಮೊದಲು ತೋರಿಸಬೇಕಾದ್ದು ಕಾರಲ್ಲ. ಆಂಬ್ಯುಲೆನ್ಸ್ ಎಲ್ಲಿ ನಿಂತಿದೆ, ಬೆಂಕಿ ಆರಿಸೋ ಸಿಲಿಂಡರ್ ಯಾರ ಕೈಯಲ್ಲಿದೆ, ಬಾವುಟ ಹಿಡಿದ ಮಾರ್ಷಲ್ ಯಾರು ಅಂತ ಮಗುವಿಗೇ ಹುಡುಕೋಕೆ ಹೇಳಿ. ಇವು ಕಾಣಲಿಲ್ಲ ಅಂದ್ರೆ ಟಿಕೆಟ್ ದುಡ್ಡು ಹೋದ್ರೂ ಪರವಾಗಿಲ್ಲ, ವಾಪಸ್ ಬನ್ನಿ. ಇವು ಇದ್ದ ಕಡೆ ಮಾತ್ರ ರೇಸ್, ಉಳಿದ ಕಡೆ ರಸ್ತೆ. ಈ ವ್ಯತ್ಯಾಸ ನನ್ನ ಮಗನಿಗೆ ಈಗ ಗೊತ್ತು.

ಮೊನ್ನೆ ನಮ್ಮ ಸೊಸೈಟಿಯ ಪಾರ್ಕಿಂಗ್ ಇಳಿಜಾರಿನಲ್ಲಿ ಪಕ್ಕದ ಮನೆ ಹುಡುಗ ಹೊಸ ಸೈಕಲ್ ತಂದು ತೋರಿಸ್ತಾ ಇದ್ದ. ಇವನು ಸುತ್ತ ಒಂದು ರೌಂಡ್ ಹೊಡೆದು ಬಂದು ಕೂತು, ಹಿಂದಿನ ಚಕ್ರ ಎತ್ತಿ ತಿರುಗಿಸಿ, ಬ್ರೇಕ್ ಹಿಡಿದು ನೋಡಿದ. ಆಮೇಲೆ "ಚೊಲೋ ಐತಿ" ಅಂದ.