ಮೈಯರ್: ಒಂದು ಮನೆತನದ ಹೆಸರು

ಶಿಶು ಹುಟ್ಟಿದಮೇಲೆ ತಂದೆತಾಯಿಗಳು ಇಡುವ ಹೆಸರು ಒಂದು; ಅದು ಹುಟ್ಟುವ ಮೊದಲೇ ಅದಕ್ಕಾಗಿ ಕಾದಿರುವ ಹೆಸರು ಇನ್ನೊಂದು. ಈ ಎರಡನೆಯದೇ ಮನೆತನದ ಹೆಸರು. ಜರ್ಮನ್ ಜನರಲ್ಲಿ ಬಹಳವಾಗಿ ಹಬ್ಬಿರುವ ಇಂಥ ಹೆಸರುಗಳಲ್ಲಿ 'ಮೈಯರ್' ಎಂಬುದೂ ಒಂದು. ಅದರ ಚರಿತ್ರೆಯನ್ನು ನಾವು ಈಗ ಸ್ವಲ್ಪ ವಿಚಾರಿಸೋಣ.

ಲ್ಯಾಟಿನ್ ಭಾಷೆಯಲ್ಲಿ 'ಮಾಯೊರ್' ಎಂದರೆ ಹಿರಿಯನು ಎಂದರ್ಥ. ಮಧ್ಯಯುಗದಲ್ಲಿ ಜರ್ಮನ್ ನಾಡಿನ ಪ್ರಭುಗಳಿಗೂ ಕ್ರೈಸ್ತಮಠಗಳಿಗೂ ದೂರದೂರದಲ್ಲಿ ಜಮೀನುಗಳಿದ್ದುವು. ಒಡೆಯನು ತಾನೇ ನಿಂತು ಬೇಸಾಯವನ್ನು ನೋಡುವಂತಿರಲಿಲ್ಲ. ಅವನ ಪರವಾಗಿ ಆಳುಗಳಿಂದ ದುಡಿಸಿ, ಒಕ್ಕಲುಗಳಿಂದ ಸಲ್ಲಬೇಕಾದುದನ್ನು ವಸೂಲುಮಾಡಿ ಒಪ್ಪಿಸುವವನೊಬ್ಬನು ಬೇಕಾಗಿದ್ದನು. ಅವನೇ ಮೈಯರ್, ನಮ್ಮ ಮಾತಿನಲ್ಲಿ ಹೇಳುವುದಾದರೆ ಪಾರುಪತ್ಯಗಾರ. ಕಾಲಕ್ರಮದಲ್ಲಿ, ಒಡೆಯನ ಭೂಮಿಯನ್ನು ಗುತ್ತಿಗೆಗೆ ಹಿಡಿದ ದೊಡ್ಡ ರೈತನಿಗೂ ಈ ಹೆಸರೇ ಸಂದಿತು.

ಊರುಗಳು ಬೆಳೆದು, ಒಂದೇ ಹೆಸರಿನವರು ಹಲವರಾದಾಗ ಕಸುಬನ್ನೂ ಸೇರಿಸಿ ಕರೆಯುವುದು ರೂಢಿಯಾಯಿತು. ಮುಂದೆ ಕಸುಬು ಹೋದರೂ ಹೆಸರು ಉಳಿಯಿತು. ಕಮ್ಮಾರನ ಮಕ್ಕಳು ಶ್ಮಿಟ್ ಆದಂತೆ ಪಾರುಪತ್ಯಗಾರನ ಮಕ್ಕಳು ಮೈಯರ್ ಆದರು. ಮೈಯರರೇ ಹೆಚ್ಚಾದೆಡೆ ಮೇಲಣ ಹೊಲದವನು ಓಬರ್‌ಮೈಯರ್, ಕೆಳಗಣವನು ನೀಡರ್‌ಮೈಯರ್ ಎಂದಾಯಿತು. ಉಚ್ಚಾರಣೆ ಒಂದೇ ಆದರೂ ಬರೆಹ ನಾಲ್ಕೈದು ಬಗೆ. ಪಾದ್ರಿಯು ಕಿವಿಗೆ ಬಿದ್ದಂತೆ ಬರೆದುಕೊಂಡದ್ದೇ ಇದಕ್ಕೆ ಕಾರಣ. 1876ರಲ್ಲಿ ಜನನ ಮರಣಗಳ ಸರಕಾರಿ ದಾಖಲೆ ದೇಶಕ್ಕೆಲ್ಲ ಬಂದಮೇಲೆ, ಇದ್ದ ಅಕ್ಷರಗಳೇ ಸ್ಥಿರವಾಗಿ ನಿಂತುವು.

ಇಷ್ಟೇ ಆಗಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಈ ಹೆಸರಿಗೆ ಇನ್ನೊಂದು ಬೇರುಂಟು. ಹೀಬ್ರೂ ಭಾಷೆಯಲ್ಲಿ 'ಮೇಯಿರ್' ಎಂದರೆ ಬೆಳಕನ್ನು ಕೊಡುವವನು. ಕ್ರಿಸ್ತಶಕ 2ನೆಯ ಶತಮಾನದ ಒಬ್ಬ ಪ್ರಸಿದ್ಧ ಯೆಹೂದ್ಯ ಧರ್ಮಪಂಡಿತನ ಹೆಸರೂ ಇದೇ. ಯೆಹೂದ್ಯರಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರಿರಲಿಲ್ಲ. ಇಂಥವನ ಮಗ ಇಂಥವನು ಎಂದಷ್ಟೇ ಹೇಳುತ್ತಿದ್ದರು. ಆಸ್ಟ್ರಿಯದಲ್ಲಿ 1787ರಲ್ಲಿಯೂ ಪ್ರಷ್ಯದಲ್ಲಿ 1812ರಲ್ಲಿಯೂ ಅವರು ಸ್ಥಿರವಾದ ಮನೆತನದ ಹೆಸರನ್ನು ಇಟ್ಟುಕೊಳ್ಳಬೇಕೆಂದು ಆಜ್ಞೆಯಾಯಿತು. ಮೇಯಿರನ ಮಕ್ಕಳಿಗೆ ತಂದೆಯ ಹೆಸರೇ ಒದಗಿತು. ಜರ್ಮನ್ ನಾಲಗೆಗೆ ಅದೂ ಮೈಯರ್ ಆಯಿತು.

ಹೀಗೆ ಎರಡು ಹೊಳೆಗಳು ಒಂದರಲ್ಲೊಂದು ಬೆರೆತುಹೋದುವು. ಮೂಲಧಾತುಗಳನ್ನು ವರ್ಗೀಕರಿಸಿದ ರಸಾಯನಶಾಸ್ತ್ರಜ್ಞ ಲೋಥಾರ್ ಮೈಯರ್ ಓಲ್ಡೆನ್‌ಬುರ್ಗ್ ಸೀಮೆಯವನು. ಅವನ ಸಮಕಾಲೀನನೂ ಅದೇ ಶಾಸ್ತ್ರದವನೂ ಆದ ವಿಕ್ಟರ್ ಮೈಯರ್ ಬರ್ಲಿನ್ನಿನ ಯೆಹೂದ್ಯ ಮನೆತನದವನು. ಲಂಡನ್ನಿನ ರಾಯಲ್ ಸೊಸೈಟಿಯ ಡೇವಿ ಪದಕ ಒಬ್ಬನಿಗೆ 1882ರಲ್ಲಿ, ಇನ್ನೊಬ್ಬನಿಗೆ 1891ರಲ್ಲಿ ದೊರೆಯಿತು. ಪದಕವನ್ನು ಕೊಟ್ಟವರು ಹೆಸರಿನ ಮೂಲವನ್ನು ಕೇಳಲಿಲ್ಲ.

ಕೇಳುವ ಕಾಲವೂ ಬಂದಿತು. ಜನರ ವಂಶವನ್ನು ಶೋಧಿಸಿ ಆರ್ಯನೋ ಅಲ್ಲವೋ ಎಂದು ತೀರ್ಪು ಕೊಡಲು ನಾತ್ಸಿ ಸರಕಾರವು ಒಂದು ಕಚೇರಿಯನ್ನೇ ಇಟ್ಟಿತ್ತು. 1935ರಿಂದ ಅದರ ಮುಖ್ಯಸ್ಥನಾಗಿದ್ದವನು ಯಾರು? ಕುರ್ಟ್ ಮೈಯರ್! ಮನೆತನದ ಹೆಸರು ಯಾರನ್ನೂ ಹಿಡಿದುಕೊಡಲಾರದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಆದುದರಿಂದ ಆ ಸರಕಾರವು ಇಟ್ಟ ಹೆಸರಿನ ಮೇಲೆ ಕೈಮಾಡಿತು. 1938ರ ಆಗಸ್ಟ್ 17ರಂದು ಒಂದು ಆಜ್ಞೆ ಹೊರಟಿತು. ಸರಕಾರದ ಪಟ್ಟಿಯಲ್ಲಿದ್ದ ಹೆಸರುಗಳಲ್ಲಿ ಒಂದನ್ನು ಹೊಂದಿರದ ಯೆಹೂದ್ಯ ಗಂಡಸರೆಲ್ಲ 'ಇಸ್ರಾಯೆಲ್' ಎಂದೂ ಹೆಂಗಸರೆಲ್ಲ 'ಸಾರಾ' ಎಂದೂ ಸೇರಿಸಿಕೊಳ್ಳಬೇಕಾಯಿತು. 1939ರ ಜನವರಿ 1ರಿಂದ ಅದು ಜಾರಿಗೆ ಬಂದಿತು. ಹಾಗೆ ಗುರುತು ಹಾಕಿಸಿಕೊಂಡವರಲ್ಲಿ ಎಷ್ಟೋ ಮಂದಿ ಮುಂದೆ ಕೊಲೆಶಿಬಿರಗಳ ಪಾಲಾದರು.

ಹೆಸರು ಜಮೀನಿನಿಂದ ಬಂದಿತೋ ಬೆಳಕಿನಿಂದ ಬಂದಿತೋ ಎಂದು ವಿಚಾರಿಸುವುದು ವಿದ್ಯೆ. ಅದರಿಂದ ಮನುಷ್ಯನ ಬೆಲೆಯನ್ನು ಕಟ್ಟುವುದು ಅವಿದ್ಯೆ. ಹೆಸರುಗಳ ಚರಿತ್ರೆಯನ್ನು ಓದುವ ನಾವು ಈ ಎರಡರ ಗಡಿಯನ್ನು ಮರೆಯಬಾರದು.