ಜನರೇಟರ್ ಕೆಮ್ಮುತ್ತಿದೆಯಾ? ಮೊದಲು ಪೆಟ್ರೋಲ್ ನೋಡಿ

ಈ ವಾರದ ವಿಷಯ ಸಣ್ಣ ಪೆಟ್ರೋಲ್ ಜನರೇಟರ್. ವೈಟ್‌ಫೀಲ್ಡ್ ಅಪಾರ್ಟ್‌ಮೆಂಟುಗಳಲ್ಲಿ, ಎಲೆಕ್ಟ್ರಾನಿಕ್ ಸಿಟಿ ಕಂಪನಿಗಳಲ್ಲಿ ಒಂದು ರೂಮಿನಷ್ಟು ದೊಡ್ಡ ಡೀಸೆಲ್ ಜನರೇಟರ್ ಇರತ್ತಲ್ಲ, ಅದಲ್ಲ. ಅದನ್ನ ನೋಡ್ಕೊಳ್ಳೋಕೆ ಆಪರೇಟರ್ ಇದ್ದಾರೆ, ವರ್ಷದ ಕಾಂಟ್ರ್ಯಾಕ್ಟ್ ಇದೆ. ನಾನು ಹೇಳ್ತಿರೋದು ಆ ಗೇಟಿನಿಂದ ಆಚೆ ಇರೋರ ಜನರೇಟರ್ ಬಗ್ಗೆ. ಜ್ಯೂಸ್ ಅಂಗಡಿ, ಜೆರಾಕ್ಸ್ ಅಂಗಡಿ, ಟೈಲರ್, ರಾತ್ರಿ ಎಗ್ ರೈಸ್ ಗಾಡಿ, ಪೀಣ್ಯದಲ್ಲಿ ಎರಡೇ ಮೆಷಿನ್ ಇಟ್ಕೊಂಡಿರೋ ವರ್ಕ್‌ಶಾಪಿನ ಬಿಲ್ಲಿಂಗ್ ಕಂಪ್ಯೂಟರ್. ಹಗ್ಗ ಎಳೆದು ಸ್ಟಾರ್ಟ್ ಮಾಡೋ, ಒಂದೆರಡು ಕೆವಿಎ ಯಂತ್ರ.

ಏಪ್ರಿಲ್, ಮೇ ತಿಂಗಳ ಸಂಜೆ ಮಳೆ ನಿಮಗೆ ಗೊತ್ತು. ಗಾಳಿ ಬೀಸತ್ತೆ, ಕೊಂಬೆ ಬಿದ್ದು ಲೈನ್ ಹೋಗತ್ತೆ, ಬೆಸ್ಕಾಂನ 1912ಕ್ಕೆ ಎಲ್ಲರೂ ಒಟ್ಟಿಗೆ ಫೋನ್ ಮಾಡ್ತಾರೆ. ಆಗ ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿದ್ದ ಜನರೇಟರ್ ಹೊರಗೆ ಬರತ್ತೆ. ಹತ್ತು ಸಲ ಹಗ್ಗ ಎಳೆದಮೇಲೆ ಸ್ಟಾರ್ಟ್ ಆಗತ್ತೆ, ಆದ್ರೆ ನೆಟ್ಟಗೆ ಓಡಲ್ಲ. ವೂಂ ಅಂತ ಏರತ್ತೆ, ಇಳಿಯತ್ತೆ, ಮತ್ತೆ ಏರತ್ತೆ. ಬಲ್ಬ್ ಕಣ್ಣು ಮಿಟುಕಿಸ್ತಾ ಇರತ್ತೆ. ಫ್ರೀಜರ್ ಹಾಕಿದ ತಕ್ಷಣ ಆಫ್. ಮಾರನೇ ದಿನ ಯಾರೋ ಬಂದು ನೋಡಿ, "ಇಂಜಿನ್ ಕೆಲ್ಸ ಇದೆ" ಅಂತಾರೆ. ದಿನದ ವ್ಯಾಪಾರ ನಂಬಿಕೊಂಡಿರೋರಿಗೆ ಆ ಮಾತು ಎಷ್ಟು ಸಾವಿರದ್ದು ಅಂತ ನಾನು ಹೇಳಬೇಕಾಗಿಲ್ಲ.

ಆದ್ರೆ ಬಹಳಷ್ಟು ಸಲ ಇಂಜಿನ್ ಕೆಟ್ಟಿರಲ್ಲ. ಈ ಯಂತ್ರಗಳು ಓಡಿ ಕೆಡೋದಕ್ಕಿಂತ ನಿಂತು ಕೆಡೋದೇ ಜಾಸ್ತಿ. ನಾನು ಓದಿದ್ದು ಬಿ.ಕಾಂ., ಅಲ್ಲಿ ಸವಕಳಿ ಅಂತ ಒಂದು ಪಾಠ ಇದೆ. ಬಳಸದೆ ಇಟ್ಟ ಯಂತ್ರದ ಬೆಲೆಯೂ ಇಳಿಯತ್ತೆ ಅಂತ. ಜನರೇಟರಿನಲ್ಲಿ ಆ ಸವಕಳಿ ಶುರುವಾಗೋದು ಕಾರ್ಬುರೇಟರ್‌ನಲ್ಲಿ.

ಕಾರ್ಬುರೇಟರ್ ಅಂದ್ರೆ ಪೆಟ್ರೋಲನ್ನೂ ಗಾಳಿಯನ್ನೂ ಸರಿಯಾದ ಪ್ರಮಾಣದಲ್ಲಿ ಬೆರೆಸೋ ಭಾಗ. ಅದರ ಕೆಳಗೆ ಒಂದು ಪುಟ್ಟ ಬಟ್ಟಲು, ಅದರಲ್ಲಿ ಸ್ವಲ್ಪ ಪೆಟ್ರೋಲ್ ನಿಂತಿರತ್ತೆ. ಅಲ್ಲಿಂದ ಜೆಟ್ ಅನ್ನೋ ಹಿತ್ತಾಳೆ ತೂತುಗಳ ಮೂಲಕ ಮೇಲೆ ಹೋಗತ್ತೆ. ಅದರಲ್ಲಿ ಸಣ್ಣದು, ಅಂದ್ರೆ ಪೈಲಟ್ ಜೆಟ್, ಸೂಜಿಮೊನೆಯಷ್ಟಿರತ್ತೆ. ನೀವು ಮೂರು ತಿಂಗಳು ಜನರೇಟರ್ ಮುಟ್ಟದೇ ಇದ್ರೆ, ಬಟ್ಟಲಿನ ಪೆಟ್ರೋಲಿನಲ್ಲಿ ಹಗುರವಾದ ಅಂಶ ಆವಿಯಾಗಿ, ಉಳಿದದ್ದು ಅಂಟಾಗಿ ಆ ತೂತಿನಲ್ಲಿ ಕೂರತ್ತೆ. ಬಟ್ಟಲು ಬಿಚ್ಚಿದ್ರೆ ವಾರ್ನಿಷ್ ತರ ವಾಸನೆ ಬರಬಹುದು.

ಇಲ್ಲಿ ಇನ್ನೊಂದು ವಿಷಯ ಸೇರಿಸ್ಬೇಕು. 2023ರ ಫೆಬ್ರವರಿ 6ರಂದು ಪ್ರಧಾನಿ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟಿದ್ದು ಎಲ್ಲಿ ಗೊತ್ತಾ? ನಮ್ಮಲ್ಲೇ, ತುಮಕೂರು ರಸ್ತೆಯ ಅಂತಾರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ, ಇಂಡಿಯಾ ಎನರ್ಜಿ ವೀಕ್ ಉದ್ಘಾಟನೆಯ ದಿನ. ಪೀಣ್ಯದಿಂದ ಮೆಟ್ರೋ ಹತ್ತಿದ್ರೆ ಮಾದಾವರ, ಅದೇ ಕೊನೆಯ ಸ್ಟಾಪು. ಆವತ್ತು ದೇಶದಲ್ಲಿ 84 ಬಂಕ್‌ಗಳಲ್ಲಿ ಶುರುವಾಗಿದ್ದು, 2025ರ ಹೊತ್ತಿಗೆ ಎಲ್ಲ ಕಡೆ ಅದೇ ಆಯ್ತು. ಇ20 ಅಂದ್ರೆ ನೂರರಲ್ಲಿ ಇಪ್ಪತ್ತು ಪಾಲು ಎಥನಾಲ್. ಎಥನಾಲ್ ಒಳ್ಳೆಯದೋ ಕೆಟ್ಟದ್ದೋ ಅನ್ನೋ ಜಗಳ ಬೇರೆ ಎಪಿಸೋಡಿಗೆ ಇರ್ಲಿ. ಸಣ್ಣ ಜನರೇಟರ್ ಲೆಕ್ಕದಲ್ಲಿ ಮೂರು ಮಾತು ಮುಖ್ಯ.

ಒಂದು, ಎಥನಾಲ್ ಗಾಳಿಯಲ್ಲಿರೋ ತೇವ ಹೀರತ್ತೆ. ನೀರು ಜಾಸ್ತಿಯಾದ್ರೆ ಎಥನಾಲ್ ಮತ್ತು ನೀರು ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯತ್ತೆ. ಇಂಜಿನ್‌ಗೆ ಪೈಪ್ ಹೋಗೋದೂ ತಳದಿಂದಲೇ. ಎರಡು, ಹಳೇ ಯಂತ್ರದ ರಬ್ಬರ್ ಪೈಪು, ವಾಷರು ಎಥನಾಲ್‌ಗೆ ಮಾಡಿದ್ದಲ್ಲ. ಉಬ್ಬತ್ತೆ, ಬಿರುಕು ಬಿಡತ್ತೆ. ಮೂರು, ಎಥನಾಲ್ ಉರಿಯೋಕೆ ಪೆಟ್ರೋಲಿನಷ್ಟು ಗಾಳಿ ಬೇಡ. ಹೊಸ ಬೈಕಿನಲ್ಲಿ ಸೆನ್ಸರ್ ಇದೆ, ತಾನೇ ಅಡ್ಜಸ್ಟ್ ಮಾಡ್ಕೊಳ್ಳತ್ತೆ. ಕಾರ್ಬುರೇಟರಿಗೆ ಆ ಬುದ್ಧಿ ಇಲ್ಲ. ಹಾಗಾಗಿ ಹಳೇ ಪೆಟ್ರೋಲಿಗೆ ಸೆಟ್ ಮಾಡಿದ ಇಂಜಿನ್‌ನಲ್ಲಿ ಗಾಳಿ ಸ್ವಲ್ಪ ಜಾಸ್ತಿ, ಇಂಧನ ಸ್ವಲ್ಪ ಕಮ್ಮಿ ಆಗತ್ತೆ. ಅದರ ಮೇಲೆ ಜೆಟ್ ಅರ್ಧ ಕಟ್ಟಿಕೊಂಡಿದ್ರೆ ಕೇಳ್ಬೇಕಾ?

ಸರಿ, ಈಗ ಪರೀಕ್ಷೆ. ಖರ್ಚಿಲ್ಲದ್ದು ಮೊದಲು, ಖರ್ಚಿನದ್ದು ಕೊನೆಗೆ.

ಮೊದಲನೇದು, ಎಲ್ಲ ಲೋಡ್ ತೆಗೀರಿ. ಬರೀ ಇಂಜಿನ್ ಓಡಿಸಿ. ಖಾಲಿ ಚೆನ್ನಾಗಿ ಓಡಿ, ಫ್ರೀಜರ್ ಹಾಕಿದಾಗ ಮಾತ್ರ ಕುಸಿದ್ರೆ, ಮೊದಲು ಲೆಕ್ಕ ನೋಡಿ. ಕಂಪ್ರೆಸರ್ ಇರೋ ಯಾವುದೇ ಸಾಮಾನು ಸ್ಟಾರ್ಟ್ ಆಗೋ ಕ್ಷಣದಲ್ಲಿ, ಓಡೋವಾಗ ಎಳೆಯೋ ಕರೆಂಟಿನ ಹಲವು ಪಟ್ಟು ಎಳೆಯತ್ತೆ. ಒಂದು ಕೆವಿಎ ಜನರೇಟರಿಗೆ ಫ್ರಿಜ್, ಮಿಕ್ಸಿ, ಫ್ಯಾನು ಎಲ್ಲ ಒಟ್ಟಿಗೆ ಕೊಟ್ರೆ ಅದು ಬಗ್ಗಲೇಬೇಕು. ಮೋಟಾರ್ ಇರೋದನ್ನ ಮೊದಲು ಹಾಕಿ, ಅದು ಸಮಾಧಾನವಾದ ಮೇಲೆ ಉಳಿದದ್ದು.

ಎರಡನೇದು, ಎಣ್ಣೆ. ಇಂಜಿನ್ ಆಯಿಲ್ ಕಮ್ಮಿಯಾದ್ರೆ ತಾನೇ ಬಂದ್ ಆಗೋ ಸೆನ್ಸರ್ ಬಹಳ ಮಾಡೆಲ್‌ಗಳಲ್ಲಿದೆ. ಇಳಿಜಾರಿನಲ್ಲಿ ಇಟ್ರೂ ಅದು ಕೈಕೊಡತ್ತೆ. ಸಮತಟ್ಟಾದ ಜಾಗದಲ್ಲಿಟ್ಟು, ತಣ್ಣಗಿರೋವಾಗ ಆಯಿಲ್ ನೋಡಿ.

ಮೂರನೇದು, ಪೆಟ್ರೋಲ್. ತಿಂಗಳು ದಾಟಿದ್ದು ಅಂದ್ರೆ ಅನುಮಾನ ಪಡಿ. ಕಾರ್ಬುರೇಟರ್ ಬಟ್ಟಲಿನ ಕೆಳಗೆ ಒಂದು ಡ್ರೇನ್ ಸ್ಕ್ರೂ ಇರತ್ತೆ. ಇಂಜಿನ್ ತಣ್ಣಗಾದ ಮೇಲೆ, ಬೀಡಿ, ಸ್ಟವ್ ಯಾವುದೂ ಹತ್ತಿರ ಇಲ್ಲದಾಗ, ಅದನ್ನ ಸಡಿಲಿಸಿ ಗಾಜಿನ ಲೋಟಕ್ಕೆ ಸ್ವಲ್ಪ ಹಿಡೀರಿ. ಎರಡು ಪದರ ಕಂಡ್ರೆ, ತಳದಲ್ಲಿ ಗುಳ್ಳೆ ಗುಳ್ಳೆಯಾಗಿ ಕೂತ್ರೆ, ಅದು ನೀರು. ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಹೊಸದು ಹಾಕಿ. ಬೆಂಗಳೂರಿನಲ್ಲಿ ಲೀಟರ್ 100 ರೂಪಾಯಿ ದಾಟಿದೆ, ಚೆಲ್ಲೋಕೆ ಮನಸ್ಸು ಬರಲ್ಲ, ನಿಜ. ಆದ್ರೆ ಆ ಎರಡು ಲೀಟರ್ ಉಳಿಸೋಕೆ ಹೋಗಿ ಕಾರ್ಬುರೇಟರ್ ಕಳ್ಕೋಬೇಡಿ. ಮೋರಿಗೆ ಮಾತ್ರ ಸುರಿಯಬೇಡಿ, ಡಬ್ಬದಲ್ಲಿ ಹಿಡಿದು ಗ್ಯಾರೇಜಿಗೆ ಕೊಡಿ.

ನಾಲ್ಕನೇದು, ಟ್ಯಾಂಕಿನ ಮುಚ್ಚಳ. ಹದಿನೈದು ನಿಮಿಷ ಓಡಿ ನಿಲ್ಲತ್ತೆ, ಸ್ವಲ್ಪ ಹೊತ್ತು ಬಿಟ್ರೆ ಮತ್ತೆ ಓಡತ್ತೆ ಅಂದ್ರೆ, ಮುಚ್ಚಳದಲ್ಲಿರೋ ಗಾಳಿ ತೂತು ಕಟ್ಟಿರಬಹುದು. ಪೆಟ್ರೋಲ್ ಇಳಿಯೋಕೆ ಮೇಲಿಂದ ಗಾಳಿ ಬೇಕು. ಅದು ನಿಂತ ಕೂಡಲೇ ಮುಚ್ಚಳ ಸಡಿಲಿಸಿ ನೋಡಿ, ಉಸ್ ಅಂದ್ರೆ ಕಳ್ಳ ಸಿಕ್ಕ ಹಾಗೆ.

ಐದನೇದು, ಏರ್ ಫಿಲ್ಟರ್ ಮತ್ತು ಪ್ಲಗ್. ಪೀಣ್ಯದ ಧೂಳು ತಿಂದ ಸ್ಪಂಜ್ ಫಿಲ್ಟರನ್ನ ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಒಂದೆರಡು ಹನಿ ಆಯಿಲ್ ಹಾಕಿ ಹಿಂಡಿ ಹಾಕಿ. ಕಾಗದದ ಫಿಲ್ಟರ್ ಆದ್ರೆ ತೊಳೀಬೇಡಿ, ಬದಲಾಯಿಸಿ. ಪ್ಲಗ್ ಬಿಚ್ಚಿದ್ರೆ ಅದರ ಬಣ್ಣವೇ ರಿಪೋರ್ಟ್ ಕಾರ್ಡ್. ಬಿಸ್ಕೆಟ್ ಬಣ್ಣ ಇದ್ರೆ ಸರಿ ಇದೆ. ಕಪ್ಪು ಮಸಿ ಇದ್ರೆ ಪೆಟ್ರೋಲ್ ಜಾಸ್ತಿ, ಅಥವಾ ಚೋಕ್ ತೆಗೆದಿಲ್ಲ, ಅಥವಾ ಫಿಲ್ಟರ್ ಕಟ್ಟಿದೆ. ಬಿಳಿಚಿಕೊಂಡಿದ್ರೆ ಪೆಟ್ರೋಲ್ ಸಾಲ್ತಿಲ್ಲ. ಪ್ಲಗ್ಗಿನ ಗ್ಯಾಪ್ ಸಾಮಾನ್ಯವಾಗಿ 0.7ರಿಂದ 0.8 ಮಿಲಿಮೀಟರ್. ನಿಮ್ಮ ಮಾಡೆಲ್‌ದು ಮ್ಯಾನ್ಯುಯಲ್‌ನಲ್ಲಿ ಇರತ್ತೆ.

ಈಗ ಆ ವೂಂ ವೂಂ. ಮೆಕ್ಯಾನಿಕ್‌ಗಳು ಇದಕ್ಕೆ ಹಂಟಿಂಗ್ ಅಂತಾರೆ. ನಮ್ಮ ಕರೆಂಟು 50 ಹರ್ಟ್ಸ್. ಅದಕ್ಕಾಗಿ ಸಾಮಾನ್ಯ ಸಣ್ಣ ಜನರೇಟರ್ ನಿಮಿಷಕ್ಕೆ 3000 ಸುತ್ತು ತಿರುಗ್ತಾ ಇರಬೇಕು. ವೇಗ ಇಳಿದ್ರೆ ಗವರ್ನರ್ ಅನ್ನೋ ಸನ್ನೆ ಥ್ರಾಟಲ್ ತೆರೆಯತ್ತೆ, ಏರಿದ್ರೆ ಮುಚ್ಚತ್ತೆ. ಪೈಲಟ್ ಜೆಟ್ ಕಟ್ಟಿಕೊಂಡಾಗ ಇಂಜಿನ್ ಸಾಯೋಕೆ ಹೋಗತ್ತೆ, ಗವರ್ನರ್ ಹೆದರಿ ಪೂರ್ತಿ ತೆರೆಯತ್ತೆ, ದೊಡ್ಡ ಜೆಟ್ಟಿನಿಂದ ಪೆಟ್ರೋಲ್ ನುಗ್ಗತ್ತೆ, ವೇಗ ಮೀರತ್ತೆ, ಗವರ್ನರ್ ಮತ್ತೆ ಮುಚ್ಚತ್ತೆ. ಇದೇ ಉಯ್ಯಾಲೆ. ನಿಮ್ಮ ಯುಪಿಎಸ್ ಜನರೇಟರ್ ಮೇಲೆ ಕೀ ಕೀ ಅಂತ ಕೂಗೋದಕ್ಕೂ ಎಷ್ಟೋ ಸಲ ಇದೇ ಕಾರಣ.

ಪರೀಕ್ಷೆ ಸುಲಭ. ಓಡ್ತಿರೋವಾಗ ಚೋಕ್ ಅರ್ಧ ಹಾಕಿ. ಉಯ್ಯಾಲೆ ನಿಂತು ನೆಟ್ಟಗೆ ಓಡಿದ್ರೆ, ಪೆಟ್ರೋಲ್ ಸಾಲ್ತಿಲ್ಲ ಅಂತ ಗೊತ್ತಾಯ್ತು. ಹೆಚ್ಚಾಗಿ ಜೆಟ್ ಕಟ್ಟಿರತ್ತೆ. ಧೈರ್ಯ ಇದ್ರೆ, ಕಾರ್ಬುರೇಟರ್ ಬಿಚ್ಚೋ ಪ್ರತಿ ಹಂತದ ಫೋಟೋ ಫೋನಲ್ಲಿ ತೆಗೆದುಕೊಂಡು ಬಿಚ್ಚಿ. ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೀರಿ, ವೈರಿನ ಒಂದೇ ಒಂದು ತಾಮ್ರದ ಎಳೆಯಿಂದ ತೂತು ಬಿಡಿಸಿ. ಸೂಜಿ, ಡ್ರಿಲ್ ಬಿಟ್ ಬೇಡ. ತೂತು ದೊಡ್ಡದಾದ್ರೆ ಅಳತೆ ಹೋಯ್ತು. ಧೈರ್ಯ ಇಲ್ಲ ಅಂದ್ರೂ ಪರವಾಗಿಲ್ಲ. ಮೆಕ್ಯಾನಿಕ್ ಹತ್ರ ಹೋಗಿ, "ಅಣ್ಣ, ಅರ್ಧ ಚೋಕಲ್ಲಿ ಸರಿ ಓಡತ್ತೆ, ತೆಗೆದ್ರೆ ಹಂಟಿಂಗ್. ಪೈಲಟ್ ಜೆಟ್ ಕ್ಲೀನ್ ಮಾಡ್ಕೊಡಿ" ಅನ್ನಿ. ಇಷ್ಟು ಹೇಳಿದ್ರೆ ಮಾತು ಇಂಜಿನ್ ಕೆಲಸದ ಕಡೆ ಹೋಗೋದು ಕಮ್ಮಿ. ಬದಲು ಜೆಟ್, ಗ್ಯಾಸ್ಕೆಟ್ ಬೇಕಾದ್ರೆ ಜೆ.ಸಿ. ರಸ್ತೆ ಕಡೆ ವಿಚಾರಿಸಿ. ಗವರ್ನರ್ ಸ್ಕ್ರೂ ಮಾತ್ರ ಅಂದಾಜಿಗೆ ತಿರುಗಿಸಬೇಡಿ. ವೇಗ ಏರಿದ್ರೆ ವೋಲ್ಟೇಜೂ ಏರಿ ಟಿವಿ, ಚಾರ್ಜರ್ ಸುಟ್ಟು ಹೋಗಬಹುದು.

ನೀಲಿ ಹೊಗೆ ನಿಲ್ತಾನೇ ಇಲ್ಲ, ಹಗ್ಗ ಎಳೆದ್ರೆ ಕಂಪ್ರೆಷನ್ನೇ ಇಲ್ಲದ ಹಾಗೆ ಸಡಿಲ, ಒಳಗೆ ಲೋಹ ಬಡಿಯೋ ಸದ್ದು. ಇದು ನಿಜವಾದ ಇಂಜಿನ್ ಕೆಲಸ. ಇಂಜಿನ್ ಸರಿಯಾಗೇ ಓಡ್ತಿದೆ, ಕರೆಂಟ್ ಮಾತ್ರ ಬರ್ತಿಲ್ಲ ಅಂದ್ರೆ ಅದು ಕೆಪಾಸಿಟರ್ ಅಥವಾ ಎವಿಆರ್ ಕಡೆಯ ತೊಂದರೆ. ಎರಡನ್ನೂ ಗೊತ್ತಿರೋರಿಗೇ ಬಿಡಿ.

ಇನ್ನೆರಡು ಮಾತು, ಇವು ರಿಪೇರಿಗಿಂತ ದೊಡ್ಡವು. ಮಳೆ ಅಂತ ಜನರೇಟರನ್ನ ಅಂಗಡಿ ಒಳಗಿಟ್ಟು ಅರ್ಧ ಶಟರ್ ಎಳೀಬೇಡಿ. ಹೊಗೆಯಲ್ಲಿರೋ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ಭಾರ, ನಿದ್ದೆ ಬಂದ ಹಾಗೆ ಆಗತ್ತೆ, ಆಮೇಲೆ ಏಳೋದೇ ಇಲ್ಲ. ಸರಿಯಾಗಿ ಓಡದ ಇಂಜಿನ್ ಅದನ್ನ ಇನ್ನೂ ಜಾಸ್ತಿ ಉಗುಳಬಹುದು. ಬಾಗಿಲು, ಕಿಟಕಿಯಿಂದ ಇಪ್ಪತ್ತು ಅಡಿ ದೂರ, ಹೊರಗೆ, ಸೂರಿನ ಕೆಳಗೆ ಇಡಿ. ಇನ್ನೊಂದು, ಎರಡೂ ತುದಿಗೆ ಪ್ಲಗ್ ಇರೋ ವೈರ್ ಮಾಡಿ ಗೋಡೆ ಸಾಕೆಟ್ಟಿಗೆ ಜನರೇಟರ್ ಕರೆಂಟ್ ಕೊಡೋದು. ಆ ಕರೆಂಟು ಬೀದಿ ಲೈನಿಗೆ ವಾಪಸ್ ಹೋಗಿ, ನಿಮಗಾಗಿಯೇ ಮಳೆಯಲ್ಲಿ ಕಂಬ ಹತ್ತಿರೋ ಲೈನ್‌ಮನ್ ಜೀವ ತೆಗೀಬಹುದು. ಎಲೆಕ್ಟ್ರಿಷಿಯನ್ ಕರೆಸಿ ಚೇಂಜ್‌ಓವರ್ ಸ್ವಿಚ್ ಹಾಕಿಸಿ.

ಕೊನೆಗೆ ಒಂದು ಅಭ್ಯಾಸ. ಕೆಲಸ ಮುಗಿದಾಗ ಸ್ವಿಚ್ ಒತ್ತಿ ಆಫ್ ಮಾಡೋ ಬದಲು, ಲೋಡ್ ತೆಗೆದು ಪೆಟ್ರೋಲ್ ಕಾಕ್ ಬಂದ್ ಮಾಡಿ. ಬಟ್ಟಲಿನ ಪೆಟ್ರೋಲ್ ಮುಗಿದು ಇಂಜಿನ್ ತಾನೇ ನಿಲ್ಲಲಿ. ಆಮೇಲೆ ಸ್ವಿಚ್ ಆಫ್. ಬಹಳ ದಿನ ಬಳಸಲ್ಲ ಅಂದ್ರೆ ಟ್ಯಾಂಕೂ ಖಾಲಿ ಮಾಡಿ. ಬಳಸೋ ಜನರೇಟರ್ ಆದ್ರೆ ತಿಂಗಳಿಗೊಮ್ಮೆ, ಕರೆಂಟ್ ಇರೋ ದಿನವೇ, ಒಂದೆರಡು ಬಲ್ಬ್ ಹಾಕಿ ಹತ್ತು ನಿಮಿಷ ಓಡಿಸಿ. ಫೋನಲ್ಲಿ ಈಗಲೇ ರಿಮೈಂಡರ್ ಹಾಕ್ಕೊಳ್ಳಿ.

ನಿಮ್ಮಪ್ಪನ ಅಂಗಡಿಯಲ್ಲೋ, ಪಕ್ಕದ ಚಾಟ್ಸ್ ಗಾಡಿಯಲ್ಲೋ ಇಂಥ ಜನರೇಟರ್ ಇದ್ರೆ ಈ ಎಪಿಸೋಡ್ ಅವರಿಗೆ ಕಳಿಸಿ. ಮಳೆಗಾಲ ಶುರುವಾಗೋ ಮುಂಚೆ ಕಳಿಸಿ.